ತನ್ನದೆನ್ನದ ಬದುಕು: ಅಸಿಸಿಯ ಫ್ರಾನ್ಸಿಸರ ಬಡತನ ಮತ್ತು ವಿಧೇಯತೆ



ಕ್ರೈಸ್ತ ಧರ್ಮದಲ್ಲಿ ವಿಧೇಯತೆಗೂ ಸಂಪತ್ತಿನ ತ್ಯಾಗಕ್ಕೂ ಇರುವ ಸಂಬಂಧ ಇಂದಿನ ಉಪನ್ಯಾಸದ ವಿಷಯ. ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ಒಂದು ಸಂಜೆಯಲ್ಲಿ ಹಿಡಿಯಲು ಹೊರಟರೆ ಉಪದೇಶ ಮಾತ್ರ ಉಳಿಯುತ್ತದೆ, ವಿಷಯ ಕೈಗೆ ಸಿಗುವುದಿಲ್ಲ. ಆದ್ದರಿಂದ ಒಂದು ಊರನ್ನೂ ಸುಮಾರು ನೂರಿಪ್ಪತ್ತು ವರ್ಷಗಳ ಅವಧಿಯನ್ನೂ ಆರಿಸಿಕೊಂಡಿದ್ದೇನೆ. ಊರು ಇಟಲಿಯ ಅಸಿಸಿ. ಕಾಲ 1206ರಿಂದ 1328ರವರೆಗೆ. ಅಲ್ಲಿ ಹುಟ್ಟಿದ ಸಂತ ಫ್ರಾನ್ಸಿಸರ ಪರಂಪರೆ ನಮಗೆ ಅಪರಿಚಿತವೇನಲ್ಲ. ಮಂಗಳೂರಿನ ಸಮೀಪ, ಫರಂಗಿಪೇಟೆಯಲ್ಲಿ ನೇತ್ರಾವತಿಯ ದಂಡೆಯ ಮೇಲಿರುವ ಕಪುಚಿನ್ ಮಠ ಆ ಕುಟುಂಬಕ್ಕೇ ಸೇರಿದ್ದು. ಮೊದಲು ಶುಭಸಂದೇಶದ ಹಿನ್ನೆಲೆ, ಅನಂತರ ಫ್ರಾನ್ಸಿಸರು ರೂಪಿಸಿದ ನಿಯಮ, ಆಮೇಲೆ ಅವರ ಅನುಯಾಯಿಗಳಲ್ಲಿ ಎದ್ದ ದೊಡ್ಡ ಕಲಹ, ಕೊನೆಗೆ ಈ ಆದರ್ಶಕ್ಕೆ ಎದುರಾಗುವ ಕೆಲವು ಆಕ್ಷೇಪಗಳು: ಈ ಕ್ರಮದಲ್ಲಿ ಮುಂದುವರಿಯುತ್ತೇನೆ. ನಾನು ಸ್ಥಾಪಿಸಬಯಸುವ ಮಾತು ಇಷ್ಟು. ಬಡತನ ಮತ್ತು ವಿಧೇಯತೆ ಫ್ರಾನ್ಸಿಸರಿಗೆ ಎರಡು ಬೇರೆ ವ್ರತಗಳಾಗಿರಲಿಲ್ಲ. ಹಣವನ್ನಾಗಲಿ, ಸ್ಥಾನವನ್ನಾಗಲಿ, ಸ್ವಂತ ಇಚ್ಛೆಯನ್ನಾಗಲಿ ತನ್ನದೆಂದು ಹಿಡಿದುಕೊಳ್ಳದಿರುವ ಒಂದೇ ಬದುಕಿನ ಎರಡು ಮುಖಗಳಾಗಿದ್ದವು. ಅವನ್ನು ಪರಸ್ಪರ ಬೇರ್ಪಡಿಸಿದಾಗ ಎರಡೂ ಕೆಟ್ಟವು.

ಈ ಸಂಬಂಧದ ಬೇರು ಬಹಳ ಹಳೆಯದು. ಸಮುವೇಲನ ಮೊದಲನೆಯ ಗ್ರಂಥದ ಹದಿನೈದನೆಯ ಅಧ್ಯಾಯದಲ್ಲಿ ಅರಸ ಸೌಲನು ಅಮಾಲೇಕ್ಯರನ್ನು ಗೆಲ್ಲುತ್ತಾನೆ. ಕೊಳ್ಳೆಯಲ್ಲಿ ಏನನ್ನೂ ಉಳಿಸಕೂಡದೆಂದು ಆಜ್ಞೆಯಾಗಿದ್ದರೂ ಕೊಬ್ಬಿದ ಕುರಿದನಗಳನ್ನು ಉಳಿಸಿಕೊಳ್ಳುತ್ತಾನೆ. ಪ್ರವಾದಿ ಸಮುವೇಲನು ಕೇಳಿದಾಗ ದೇವರಿಗೆ ಬಲಿ ಕೊಡಲೆಂದೇ ಉಳಿಸಿದೆವು ಎನ್ನುತ್ತಾನೆ. ಬಲಿಗಿಂತ ವಿಧೇಯತೆ ಮೇಲು ಎಂಬ ಪ್ರವಾದಿಯ ತೀರ್ಪು ಬರುವುದು ಈ ಸಂದರ್ಭದಲ್ಲಿ. ಆ ಯುದ್ಧದ ಆಜ್ಞೆಯ ಕ್ರೌರ್ಯ ಇಂದಿನ ಓದುಗರನ್ನು ಕಾಡುತ್ತದೆ, ಕಾಡಲೇಬೇಕು. ನಾನಿಲ್ಲಿ ಗಮನಿಸುತ್ತಿರುವುದು ಸೌಲನು ಕೊಟ್ಟ ನೆವವನ್ನು. ಸಂಪತ್ತನ್ನು ಉಳಿಸಿಕೊಳ್ಳುವ ಆಸೆ ಭಕ್ತಿಯ ವೇಷ ತೊಟ್ಟು ನಿಂತಿದೆ. ಶುಭಸಂದೇಶದಲ್ಲಿಯೂ ಇವೆರಡು ಒಟ್ಟಿಗೇ ಬರುತ್ತವೆ. ಮತ್ತಾಯನ ಹತ್ತೊಂಬತ್ತನೆಯ ಅಧ್ಯಾಯದ ಸಿರಿವಂತ ಯುವಕ ಆಜ್ಞೆಗಳನ್ನೆಲ್ಲ ಪಾಲಿಸಿದವನು. ಅವನ ವಿಧೇಯತೆಯಲ್ಲಿ ಯೇಸುಸ್ವಾಮಿ ತಪ್ಪು ಹುಡುಕುವುದಿಲ್ಲ. ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸು ಎಂದಾಗ ಮಾತ್ರ ಅವನು ವ್ಯಸನಪಟ್ಟು ಹೊರಟುಹೋಗುತ್ತಾನೆ. ಅವನ ವಿಧೇಯತೆಗೂ ಒಂದು ಗಡಿ ಇತ್ತು, ಆ ಗಡಿಯನ್ನು ಎಳೆದದ್ದು ಅವನ ಆಸ್ತಿ.

ಈಗ ಅಸಿಸಿಗೆ ಬರೋಣ. ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಮಧ್ಯ ಇಟಲಿಯ ಪಟ್ಟಣಗಳಲ್ಲಿ ಹಣದ ಚಲಾವಣೆ ವೇಗವಾಗಿ ಹೆಚ್ಚುತ್ತಿತ್ತು. ಭೂಮಿಯ ಒಡೆತನದಿಂದ ಬಂದ ಹಳೆಯ ಅಧಿಕಾರದ ಪಕ್ಕದಲ್ಲಿ ವರ್ತಕರ ಹೊಸ ಅಧಿಕಾರ ತಲೆಯೆತ್ತಿತ್ತು. ಫ್ರಾನ್ಸಿಸರ ತಂದೆ ಪಿಯೆತ್ರೊ ದಿ ಬೆರ್ನಾರ್ದೊನೆ ಬಟ್ಟೆ ವ್ಯಾಪಾರಿ. ಮಗ ಹುಟ್ಟಿದ್ದು 1181 ಅಥವಾ 1182ರಲ್ಲಿ. ಹಳೆಯ ಜೀವನಚರಿತ್ರೆಗಳು ಹೇಳುವಂತೆ, ಯುವಕ ಫ್ರಾನ್ಸಿಸರು ಅಂಗಡಿಯ ಬಟ್ಟೆಯನ್ನು ಹೇರಿಕೊಂಡು ಫೊಲಿನ್ಯೊ ಪಟ್ಟಣಕ್ಕೆ ಹೋಗಿ ಬಟ್ಟೆಯ ಜೊತೆಗೆ ಕುದುರೆಯನ್ನೂ ಮಾರಿದರು. ಬಂದ ಹಣವನ್ನು ಪಾಳುಬಿದ್ದಿದ್ದ ಸಾನ್ ದಾಮಿಯಾನೊ ಗುಡಿಯ ದುರಸ್ತಿಗೆಂದು ಅಲ್ಲಿಯ ಪಾದ್ರಿಗೆ ಕೊಡಹೋದರು. ಪಾದ್ರಿ ಮುಟ್ಟಲಿಲ್ಲ. ಹಣ ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ತಂದೆ ದೂರು ಕೊಟ್ಟರು. 1206ರ ಸುಮಾರಿಗೆ ಧರ್ಮಾಧ್ಯಕ್ಷ ಗ್ವಿದೊ ಅವರ ಮುಂದೆ ವಿಚಾರಣೆ ನಡೆದಾಗ ಮಗ ಉಟ್ಟ ಬಟ್ಟೆಯನ್ನೂ ಕಳಚಿ ತಂದೆಯ ಮುಂದಿಟ್ಟ ಪ್ರಸಂಗ ಜಗತ್ತಿಗೆಲ್ಲ ತಿಳಿದಿದೆ, ಚಿತ್ರಕಾರರೂ ಅದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅದಕ್ಕೆ ಮುಂಚಿನ ಕ್ಷಣದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಧರ್ಮಾಧ್ಯಕ್ಷರು ಮೊದಲು ಆ ಹಣವನ್ನು ಹಿಂದಿರುಗಿಸಲು ಹೇಳಿದರು. ಅನ್ಯಾಯದಿಂದ ಬಂದಿರಬಹುದಾದ ದುಡ್ಡು ಗುಡಿಗೆ ಬೇಡ ಎಂದರು. ಸೌಲನ ಕುರಿದನಗಳ ಪ್ರಶ್ನೆಯೇ ಇಲ್ಲಿ ಇನ್ನೊಮ್ಮೆ ಎದ್ದಿದೆ. ಪರರ ಹಣವನ್ನು ದೇವರ ಕೆಲಸಕ್ಕೆ ಬಳಸುವುದು ತ್ಯಾಗವಾಗುವುದಿಲ್ಲ ಎಂಬ ಪಾಠವನ್ನು ಫ್ರಾನ್ಸಿಸರು ವಿಧೇಯರಾಗಿ ಕಲಿತದ್ದು ಆ ಸಭೆಯಲ್ಲಿ. ಬಟ್ಟೆ ಕಳಚಿದ್ದು ಆ ಪಾಠ ಕಲಿತ ಮೇಲೆ.

ಮುಂದೆ ಸಂಗಾತಿಗಳು ಕೂಡಿದರು. 1209ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಈ ಸಹೋದರರ ಬದುಕಿನ ಕ್ರಮಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. 1221ರಲ್ಲಿ ಒಂದು ವಿಸ್ತಾರವಾದ ನಿಯಮ ಸಿದ್ಧವಾಯಿತು; ಅದರ ಸಂಕ್ಷಿಪ್ತ ರೂಪವನ್ನು 1223ರ ನವೆಂಬರ್ 29ರಂದು ಪೋಪ್ ಮೂರನೆಯ ಹೊನೊರಿಯಸ್ ಮುದ್ರೆಯೊತ್ತಿ ಅಂಗೀಕರಿಸಿದರು. 1221ರ ನಿಯಮ ಓದಲು ಒರಟು, ಅಲ್ಲಲ್ಲಿ ಪುನರುಕ್ತಿಯಿಂದ ಕೂಡಿದ್ದು. ಆದರೆ ಫ್ರಾನ್ಸಿಸರ ದನಿ ಹೆಚ್ಚು ಸ್ಪಷ್ಟವಾಗಿ ಕೇಳುವುದು ಅದರಲ್ಲಿಯೇ. ಕಸುಬು ಬಲ್ಲ ಸಹೋದರರು ಆ ಕಸುಬನ್ನು ಬಿಡಬಾರದು, ಅದಕ್ಕೆ ಬೇಕಾದ ಉಪಕರಣಗಳನ್ನು ಇಟ್ಟುಕೊಳ್ಳಬಹುದು. ಕೂಲಿಯಾಗಿ ಊಟ ಬಟ್ಟೆ ಪಡೆಯಬಹುದು, ನಾಣ್ಯ ಮಾತ್ರ ಕೂಡದು. ದಾರಿಯಲ್ಲಿ ನಾಣ್ಯ ಸಿಕ್ಕರೆ ಕಾಲಡಿಯ ಧೂಳಿನಷ್ಟೇ ಬೆಲೆ ಅದಕ್ಕೆ. ಕಾಯಿಲೆ ಬಿದ್ದ ಸಹೋದರನ ಅಗತ್ಯಕ್ಕೆ ಮಾತ್ರ ವಿನಾಯಿತಿ ಉಂಟು. ಯಜಮಾನಿಕೆಯ ಕೆಲಸ, ಕೋಶದ ಉಸ್ತುವಾರಿ ಒಪ್ಪಿಕೊಳ್ಳಬಾರದು. ಕಾಯಕದ ಕಲ್ಪನೆಯಲ್ಲಿ ಬೆಳೆದ ನಮ್ಮ ನಾಡಿನವರಿಗೆ ಇದು ಹತ್ತಿರದ್ದೆನಿಸಬಹುದು. ಆದರೂ ಎರಡನ್ನೂ ಒಂದೇ ಎನ್ನುವ ಅವಸರ ಬೇಡ. ಕಾಯಕದಿಂದ ಬಂದದ್ದು ದಾಸೋಹದಲ್ಲಿ ಸಲ್ಲುತ್ತದೆ. ಫ್ರಾನ್ಸಿಸರ ನಿಯಮ ಹಣ ಎಂಬ ಮಾಧ್ಯಮವನ್ನೇ ದೂರವಿಡುತ್ತದೆ. ಅವರಿಗೆ ನಾಣ್ಯ ಎಂದರೆ ಕೂಡಿಡಬಹುದಾದ ಅಧಿಕಾರ. ಅದಿದ್ದವನು ನಾಳೆ ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮಾತನ್ನೂ ಕೇಳಬೇಕಾಗಿಲ್ಲ. ಬಟ್ಟೆಯಂಗಡಿಯಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ತಿಳಿದಿತ್ತು.

ಬಡತನದ ಈ ಕಟ್ಟುನಿಟ್ಟಿನಿಂದ ಈಗ ವಿಧೇಯತೆಯ ಕಡೆಗೆ ತಿರುಗೋಣ, ಏಕೆಂದರೆ ನಿಯಮದಲ್ಲಿ ಎರಡಕ್ಕೂ ನೇರ ಕೊಂಡಿ ಇದೆ. ಸಂಘದ ಮುಖ್ಯಸ್ಥರನ್ನು ಒಡೆಯರೆಂದಾಗಲಿ ಶ್ರೇಷ್ಠರೆಂದಾಗಲಿ ಕರೆಯಬಾರದು, ಅವರು ಸೇವಕರು. ಅಧೀನ ಸಹೋದರರು ತಮ್ಮ ಮುಖ್ಯಸ್ಥರೊಡನೆ ಒಡೆಯರು ಸೇವಕರೊಡನೆ ಮಾತನಾಡುವಷ್ಟು ಸಲಿಗೆಯಿಂದ ಮಾತನಾಡಬಹುದೆಂದು 1223ರ ನಿಯಮದ ಹತ್ತನೆಯ ಅಧ್ಯಾಯ ಹೇಳುತ್ತದೆ. ಆ ಕಾಲದ ಯಾವ ಮಠದಲ್ಲಿಯೂ ಸುಲಭವಾಗಿ ಒಪ್ಪಿಗೆಯಾಗದ ಮಾತು ಇದು. ಸ್ಥಾನವನ್ನು ಸ್ವತ್ತಿನಂತೆ ಹಿಡಿದುಕೊಂಡು, ಅದು ಕೈತಪ್ಪಿದಾಗ ಹಣ ಕಳೆದುಕೊಂಡವರಂತೆ ತಳಮಳಿಸುವ ಮುಖ್ಯಸ್ಥರನ್ನು ಫ್ರಾನ್ಸಿಸರು ತಮ್ಮ ಬುದ್ಧಿವಾದಗಳಲ್ಲಿ ಎಚ್ಚರಿಸಿದ್ದಾರೆ. ಇನ್ನೊಂದು ಬುದ್ಧಿವಾದದಲ್ಲಿ ಆದಾಮನ ಪಾಪವನ್ನೇ ಹೀಗೆ ವಿವರಿಸುತ್ತಾರೆ: ತನ್ನ ಇಚ್ಛೆಯನ್ನು ತನ್ನ ಸ್ವತ್ತಾಗಿಸಿಕೊಂಡು, ದೇವರು ತನ್ನ ಮೂಲಕ ಮಾಡಿದ ಒಳಿತಿಗೆ ತಾನೇ ಹಿಗ್ಗುವವನು ನಿಷಿದ್ಧ ಮರದ ಹಣ್ಣನ್ನು ತಿನ್ನುತ್ತಾನೆ. ಈ ಮಾತಿನ ಪ್ರಕಾರ ಅವಿಧೇಯತೆ ಕೂಡ ಒಂದು ಬಗೆಯ ಆಸ್ತಿ ಮೋಹ. 1220ರಲ್ಲಿ ತಾವೇ ಕಟ್ಟಿದ ಸಂಘದ ನಾಯಕತ್ವವನ್ನು ಬಿಟ್ಟುಕೊಟ್ಟು ಪಿಯೆತ್ರೊ ಕತ್ತಾನಿ ಅವರ ಕೈಕೆಳಗಾದದ್ದೂ, 1226ರಲ್ಲಿ ಸಾವಿನ ಮುಂಚೆ ಬರೆಸಿದ ಮರಣಶಾಸನದಲ್ಲಿ ತಮಗೆ ನೇಮಕವಾಗುವ ಯಾವ ಮೇಲ್ವಿಚಾರಕರಿಗೂ ವಿಧೇಯರಾಗಿರುತ್ತೇನೆಂದು ಹೇಳಿದ್ದೂ ಇದೇ ತಿಳಿವಳಿಕೆಯಿಂದ. ಸ್ಥಾಪಕನಿಗೆ ತನ್ನ ಸಂಸ್ಥೆಗಿಂತ ಪ್ರಿಯವಾದ ಆಸ್ತಿ ಯಾವುದಿದ್ದೀತು? ಅವರು ಅದನ್ನೂ ಬಿಟ್ಟರು.

ಮುಂದಿನ ಕಥೆ ನೋವಿನದು. ಮರಣಶಾಸನಕ್ಕೆ ಕಾನೂನಿನ ಬಲವಿಲ್ಲವೆಂದು 1230ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ತೀರ್ಪಿತ್ತರು. ಸಹೋದರರ ಪರವಾಗಿ ಹಣ ಪಡೆದು ಖರ್ಚು ಮಾಡುವ ಮಧ್ಯವರ್ತಿಗಳಿಗೆ ದಾರಿ ಮಾಡಿಕೊಟ್ಟರು. ಗ್ರೆಗರಿಯವರು ಫ್ರಾನ್ಸಿಸರ ಆಪ್ತ ಸ್ನೇಹಿತರು, 1228ರಲ್ಲಿ ಅವರನ್ನು ಸಂತರೆಂದು ಘೋಷಿಸಿದವರು. ದುರುದ್ದೇಶವನ್ನು ಅವರ ಮೇಲೆ ಹೊರಿಸುವುದು ಅನ್ಯಾಯ. ಬೆಳೆದ ಸಂಘಕ್ಕೆ ಪಾಠಶಾಲೆ, ಪುಸ್ತಕ, ಪಟ್ಟಣದ ಮಠ ಬೇಕಾಗಿದ್ದವು. 1245ರಲ್ಲಿ ನಾಲ್ಕನೆಯ ಇನ್ನೊಸೆಂಟ್, 1279ರಲ್ಲಿ ಮೂರನೆಯ ನಿಕೋಲಸ್ ಒಂದು ಕಾನೂನಿನ ಏರ್ಪಾಡು ಮಾಡಿದರು. ಸಹೋದರರು ಬಳಸುವ ಕಟ್ಟಡ, ಪುಸ್ತಕ, ಧಾನ್ಯ ಎಲ್ಲದರ ಒಡೆತನ ರೋಮಿನ ಧರ್ಮಸಭೆಯದು. ಸಹೋದರರಿಗಿರುವುದು ಬಳಕೆ ಮಾತ್ರ. ಕಾಗದದ ಮೇಲೆ ಬಡತನ ಪೂರ್ಣವಾಯಿತು. ಕಣಜದಲ್ಲಿ ಗೋಧಿಯೂ ನೆಲಮಾಳಿಗೆಯಲ್ಲಿ ದ್ರಾಕ್ಷಾರಸವೂ ತುಂಬಿದ್ದವು. ಇದನ್ನು ಸಹಿಸದೆ ನಿಯಮವನ್ನು ಅಕ್ಷರಶಃ ಪಾಲಿಸಬೇಕೆಂದು ಹಟ ಹಿಡಿದವರು ಆಧ್ಯಾತ್ಮಿಕರು ಎಂಬ ಹೆಸರು ಪಡೆದರು. ಅವರ ನಿಲುವಂಗಿ ಗಿಡ್ಡ, ತೇಪೆ ಹಾಕಿದ್ದು. 1317ರ ಅಕ್ಟೋಬರ್ 7ರಂದು ಪೋಪ್ ಇಪ್ಪತ್ತೆರಡನೆಯ ಜಾನ್ ಆಜ್ಞೆ ಹೊರಡಿಸಿದರು: ಅಂಗಿಯ ಉದ್ದವನ್ನೂ, ಕಣಜ ಮತ್ತು ನೆಲಮಾಳಿಗೆ ಬೇಕೇ ಬೇಡವೇ ಎಂಬುದನ್ನೂ ಮುಖ್ಯಸ್ಥರೇ ನಿರ್ಧರಿಸಲಿ. ಬಡತನ ದೊಡ್ಡದು, ಬ್ರಹ್ಮಚರ್ಯ ಅದಕ್ಕಿಂತ ದೊಡ್ಡದು, ವಿಧೇಯತೆ ಎಲ್ಲಕ್ಕಿಂತ ದೊಡ್ಡದು ಎಂಬ ತಾರತಮ್ಯವನ್ನು ಆ ಆಜ್ಞೆಯೇ ಸಾರಿತು. ದಕ್ಷಿಣ ಫ್ರಾನ್ಸಿನ ಕೆಲವರು ಕೊನೆಯವರೆಗೂ ಒಪ್ಪಲಿಲ್ಲ. 1318ರ ಮೇ 7ರಂದು ಮಾರ್ಸೇಯ್ ಪಟ್ಟಣದಲ್ಲಿ ಅವರಲ್ಲಿ ನಾಲ್ವರನ್ನು ಸುಡಲಾಯಿತು.

ಈ ದುರಂತ ಅಲ್ಲಿಗೆ ಮುಗಿಯಲಿಲ್ಲ. ಆಧ್ಯಾತ್ಮಿಕರನ್ನು ವಿಧೇಯತೆಯ ಹೆಸರಿನಲ್ಲಿ ಹತ್ತಿಕ್ಕಲು ನೆರವಾದ ಸಂಘದ ಮಹಾಮುಖ್ಯಸ್ಥ ಚೆಜೇನದ ಮೈಕೇಲ್, ಮುಂದೆ ತಾವೇ ಪೋಪರ ಎದುರು ನಿಲ್ಲಬೇಕಾಯಿತು. ಕ್ರಿಸ್ತನೂ ಪ್ರೇಷಿತರೂ ಏನನ್ನೂ ಸ್ವಂತವಾಗಿ ಹೊಂದಿರಲಿಲ್ಲವೆಂದು 1322ರಲ್ಲಿ ಸಂಘ ಪೆರೂಜದಲ್ಲಿ ಸಾರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾನ್ ಸಹೋದರರು ಬಳಸುತ್ತಿದ್ದ ಆಸ್ತಿಯ ಒಡೆತನ ಧರ್ಮಸಭೆಗೆ ಬೇಡವೆಂದು ಹಿಂದಿರುಗಿಸಿದರು. 1323ರ ನವೆಂಬರಿನಲ್ಲಿ ಸಂಘದ ವಾದವನ್ನೇ ಪಾಷಂಡವೆಂದು ಖಂಡಿಸಿದರು. 1328ರ ಮೇ ತಿಂಗಳ ಒಂದು ರಾತ್ರಿ ಮೈಕೇಲರು, ತತ್ವಜ್ಞಾನಿ ಆಕಮ್‌ನ ವಿಲಿಯಂ ಮೊದಲಾದವರೊಡನೆ ಪೋಪರ ಪೀಠವಿದ್ದ ಅವಿನ್ಯೋನ್‌ನಿಂದ ತಪ್ಪಿಸಿಕೊಂಡು ಚಕ್ರವರ್ತಿಯ ಆಶ್ರಯ ಸೇರಿದರು. ಹತ್ತು ವರ್ಷಗಳ ಹಿಂದೆ ಇತರರಿಗೆ ಬೋಧಿಸಿದ್ದ ವಿಧೇಯತೆ ಅವರ ಕೈಯಲ್ಲೂ ಉಳಿಯಲಿಲ್ಲ.

ಈ ಕಲಹದಲ್ಲಿ ಸರಿ ಯಾರು? ಜಾನ್ ಅವರ ತರ್ಕಕ್ಕೆ ನಿಜವಾದ ಬಲವಿದೆ. ತಿಂದು ಮುಗಿಯುವ ರೊಟ್ಟಿಯ ವಿಷಯದಲ್ಲಿ ಒಡೆತನ ಬೇರೆ, ಬಳಕೆ ಬೇರೆ ಎನ್ನಲಾಗದೆಂದು ಅವರು ವಾದಿಸಿದರು. ಹೆಸರಿಗೆ ಮಾತ್ರ ಇರುವ ಒಡೆತನ ಯಾರನ್ನೂ ಬಡವರನ್ನಾಗಿ ಮಾಡದು ಎಂದರು. ಕಾನೂನಿನ ತೆರೆಯ ಹಿಂದಿದ್ದ ಆತ್ಮವಂಚನೆಯನ್ನು ಅವರು ಸರಿಯಾಗಿಯೇ ಕಂಡರು. ಆದರೆ ಅವರು ಎತ್ತಿಹಿಡಿದ ವಿಧೇಯತೆಯಲ್ಲಿ ಫ್ರಾನ್ಸಿಸರ ಕಲ್ಪನೆಯ ಒಂದು ಅರ್ಧವೇ ಇರಲಿಲ್ಲ. ಆಜ್ಞೆ ಕೊಡುವವನು ತಾನೂ ಬಡವನಾಗಿ ಸೇವಕನಾಗಿ ಇರಬೇಕೆಂಬ ಷರತ್ತು ಬಿಟ್ಟುಹೋದಾಗ ವಿಧೇಯತೆ ಆಡಳಿತದ ಸಾಧನವಾಯಿತು, ಕೊನೆಗೆ ಬೆಂಕಿಯ ಕಾರಣವಾಯಿತು. ಆ ನಾಲ್ವರ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ. ಅವರನ್ನು ಸುಟ್ಟದ್ದನ್ನು ಯಾವ ತರ್ಕವೂ ಸಮರ್ಥಿಸಲಾರದು. ಆದರೂ ಆಧ್ಯಾತ್ಮಿಕರ ಪಕ್ಷದಲ್ಲಿ ತಮ್ಮ ಬಡತನವೇ ತಮ್ಮ ಸ್ವತ್ತಾಗುವ ಅಪಾಯ ಬೆಳೆದಿತ್ತೆಂಬುದನ್ನು ಹೇಳದೆ ಇರಲಾಗದು. ಇತರರ ಕಣಜವನ್ನು ಅಳೆಯುತ್ತ ತಾವೇ ನಿಜವಾದ ಧರ್ಮಸಭೆ ಎಂದು ನಂಬತೊಡಗಿದವರು ಅವರಲ್ಲಿದ್ದರು. ಮೃದುವಾದ ಬಟ್ಟೆ ತೊಟ್ಟು ಚೆನ್ನಾಗಿ ಉಣ್ಣುವವರನ್ನು ನಿಂದಿಸದೆ ತಮ್ಮನ್ನೇ ಪರೀಕ್ಷಿಸಿಕೊಳ್ಳಬೇಕೆಂದು ಫ್ರಾನ್ಸಿಸರು ನಿಯಮದಲ್ಲಿಯೇ ಬರೆಸಿದ್ದರು. ಆ ಸಾಲಿನ ಅಗತ್ಯ ಏನೆಂಬುದು ನೂರು ವರ್ಷಗಳ ಮೇಲೆ ಗೊತ್ತಾಯಿತು.

ಇನ್ನು ಆಕ್ಷೇಪಗಳನ್ನು ಎತ್ತಿಕೊಳ್ಳೋಣ. ಎಲ್ಲಕ್ಕಿಂತ ಗಂಭೀರವಾದದ್ದು ಫಲದ ಪ್ರಶ್ನೆ. ಇಹದ ಸಂಪತ್ತನ್ನು ಬಿಟ್ಟು ಪರಲೋಕದ ನಿಧಿಯನ್ನು ಬಯಸುವುದು ಕೂಡ ಲೇವಾದೇವಿಯಲ್ಲವೇ? ಕಡಿಮೆ ಬಡ್ಡಿಯ ಠೇವಣಿ ಮುರಿದು ಹೆಚ್ಚು ಬಡ್ಡಿಯದಕ್ಕೆ ಹಾಕಿದಂತಾಗಲಿಲ್ಲವೇ? ಈ ಪ್ರಶ್ನೆಗೆ ಶುಭಸಂದೇಶದಲ್ಲಿಯೇ ಆಸ್ಪದವಿದೆ. ಸಿರಿವಂತ ಯುವಕ ಹೋದ ಕೂಡಲೇ ಪೇತ್ರನು ಎಲ್ಲವನ್ನೂ ಬಿಟ್ಟುಬಂದ ತಮಗೇನು ಸಿಗುತ್ತದೆಂದು ಕೇಳುತ್ತಾನೆ. ನೂರರಷ್ಟು ಸಿಗುತ್ತದೆಂಬ ಉತ್ತರವೂ ಬರುತ್ತದೆ. ಆದರೆ ಮತ್ತಾಯನು ಆ ಉತ್ತರದ ಬೆನ್ನಿಗೇ ದ್ರಾಕ್ಷಿ ತೋಟದ ಕೂಲಿಯಾಳುಗಳ ಸಾಮತಿಯನ್ನು ಇಟ್ಟಿದ್ದಾನೆ. ಮುಂಜಾನೆಯಿಂದ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಒಂದೇ ಕೂಲಿ. ಲೆಕ್ಕ ಹಾಕುವವನಿಗೆ ಈ ಫಲದಿಂದ ಸಿಟ್ಟೇ ಬರುತ್ತದೆ. ಆ ಎರಡು ಭಾಗಗಳನ್ನು ಸೇರಿಸಿ ಓದಿದರೆ ಪರಲೋಕದ ಫಲ ಗಳಿಕೆಯ ಅಳತೆಗೆ ಸಿಗುವುದಲ್ಲವೆಂದು ತಿಳಿಯುತ್ತದೆ.

ಫ್ರಾನ್ಸಿಸರ ಶಿಷ್ಯೆ ಸಂತ ಕ್ಲಾರಾ ವ್ಯಾಪಾರದ ಈ ಭಾಷೆಗೆ ಅಂಜಲಿಲ್ಲ. ಬೊಹೆಮಿಯದ ಅರಸ ಒಂದನೆಯ ಒಟಕರನ ಮಗಳು ಆಗ್ನೆಸ್, ಚಕ್ರವರ್ತಿ ಎರಡನೆಯ ಫ್ರೆಡರಿಕನ ವಿವಾಹ ಪ್ರಸ್ತಾಪವನ್ನು ನಿರಾಕರಿಸಿ 1234ರಲ್ಲಿ ಪ್ರಾಗ್ ನಗರದಲ್ಲಿ ಸಂನ್ಯಾಸಿನಿಯಾದರು. ಅವರಿಗೆ ಕ್ಲಾರಾ ಬರೆದ ನಾಲ್ಕು ಪತ್ರಗಳು ಉಳಿದಿವೆ. ಮೊದಲನೆಯದರಲ್ಲಿಯೇ ಅಳಿಯುವುದನ್ನು ಕೊಟ್ಟು ಉಳಿಯುವುದನ್ನು ಪಡೆಯುವ ಶ್ಲಾಘ್ಯವಾದ ವಿನಿಮಯದ ಮಾತು ಬರುತ್ತದೆ. ಪತ್ರವನ್ನು ಇಡಿಯಾಗಿ ಓದಿದವರಿಗೆ ಪಡೆಯುವ ವಸ್ತು ಯಾವುದೆಂಬುದು ಸ್ಪಷ್ಟ: ಬಡವನಾಗಿ ಹುಟ್ಟಿ, ಬಡವನಾಗಿ ಬಾಳಿ, ಬತ್ತಲಾಗಿ ಶಿಲುಬೆಯ ಮೇಲೆ ಸತ್ತ ಕ್ರಿಸ್ತನ ಸಖ್ಯ. ಆ ಫಲವನ್ನು ಕೂಡಿಡಲು ಬರುವುದಿಲ್ಲ, ಇನ್ನೊಬ್ಬರ ಪಾಲನ್ನು ಕಡಿಮೆ ಮಾಡಿ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಎಲ್ಲ ಒಳಿತೂ ದೇವರದು, ಅವನಿಗೇ ಹಿಂದಿರುಗಿಸಬೇಕು ಎಂದು 1221ರ ನಿಯಮ ಹೇಳುವಾಗ ಪುಣ್ಯವನ್ನು ಕೂಡ ತನ್ನದೆನ್ನುವ ಹಕ್ಕು ಯಾರಿಗೂ ಉಳಿಯುವುದಿಲ್ಲ.

ಬಡತನವನ್ನು ವೈಭವೀಕರಿಸುವುದು ಬಡವರಿಗೆ ಮಾಡುವ ಅಪಚಾರವೆಂಬ ಇನ್ನೊಂದು ಆಕ್ಷೇಪವಿದೆ. ಹಸಿವನ್ನು ಆರಿಸಿಕೊಳ್ಳದವರ ಮುಂದೆ ಆರಿಸಿಕೊಂಡ ಬಡತನದ ಹಾಡು ಹಾಡುವುದು ಸಲ್ಲದು, ನಿಜ. ಫ್ರಾನ್ಸಿಸರ ನಿಯಮದಲ್ಲಿ ಅಂಥ ಹಾಡಿಲ್ಲ. ಕುಷ್ಠರೋಗಿಗಳು, ದಾರಿಬದಿಯ ಭಿಕ್ಷುಕರು ಇವರ ನಡುವೆ ಬಾಳುವುದೇ ಸಹೋದರರ ಸಂತೋಷವಾಗಿರಲಿ ಎನ್ನುವ 1221ರ ನಿಯಮದ ಒಂಬತ್ತನೆಯ ಅಧ್ಯಾಯ, ಭಿಕ್ಷೆಯನ್ನು ಬಡವರಿಗೆ ಸಲ್ಲಬೇಕಾದ ಹಕ್ಕು ಮತ್ತು ಪಿತ್ರಾರ್ಜಿತ ಎಂದು ಕರೆಯುತ್ತದೆ. ದಾನಿಯ ಔದಾರ್ಯಕ್ಕೆ ಅಲ್ಲಿ ಹೆಚ್ಚು ಜಾಗವಿಲ್ಲ.

ವಿಧೇಯತೆಯ ಬಗ್ಗೆ ಇಂದಿನವರಿಗಿರುವ ಅಂಜಿಕೆ ಇನ್ನೂ ಆಳವಾದದ್ದು. ಆಜ್ಞೆ ಪಾಲಿಸಿದೆವೆಂಬ ನೆಪದಲ್ಲಿ ನಡೆದ ಘೋರ ಕೃತ್ಯಗಳನ್ನು ಇಪ್ಪತ್ತನೆಯ ಶತಮಾನ ಕಂಡಿದೆ. ಧರ್ಮಸಂಸ್ಥೆಗಳ ಒಳಗೆ ವಿಧೇಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಲ್ಪಟ್ಟವರ ಸಂಕಟವೂ ಸುಳ್ಳಲ್ಲ. ಪಾಪವಾಗುವ ಕಡೆ ವಿಧೇಯತೆಯೇ ಇಲ್ಲವೆಂದು 1221ರ ನಿಯಮ ನೇರವಾಗಿ ಹೇಳಿದೆ. ಮುಖ್ಯಸ್ಥನ ಆಜ್ಞೆ ಆತ್ಮಕ್ಕೆ ವಿರುದ್ಧವಾದರೆ ಪಾಲಿಸಬಾರದು, ಆದರೆ ಅವನನ್ನು ತೊರೆದೂ ಹೋಗಬಾರದು, ಅದರಿಂದ ಬರುವ ಹಿಂಸೆಯನ್ನು ತಾಳಿಕೊಂಡು ಅವನನ್ನು ಇನ್ನಷ್ಟು ಪ್ರೀತಿಸಬೇಕು ಎಂಬುದು ಫ್ರಾನ್ಸಿಸರ ಬುದ್ಧಿವಾದ. ಕೊನೆಯ ಭಾಗ ಕಠಿಣ. ಹಿಂಸೆಗೆ ಒಳಗಾದ ಅಸಹಾಯಕರಿಗೆ ಇದನ್ನು ಉಪದೇಶಿಸುವುದು ಕ್ರೌರ್ಯವಾದೀತು ಎಂದು ನಾನು ಒಪ್ಪುತ್ತೇನೆ. ಸ್ವತಂತ್ರವಾಗಿ ಈ ದಾರಿ ಹಿಡಿದವರಿಗೆ ಅದು ಏನನ್ನು ಸಾಧಿಸಿಕೊಟ್ಟಿತೆಂಬುದಕ್ಕೆ ಕ್ಲಾರಾ ಅವರೇ ಸಾಕ್ಷಿ. 1228ರಲ್ಲಿ ಪೋಪ್ ಗ್ರೆಗರಿ ಕ್ಲಾರಾ ಅವರಿಗೆ ಆಸ್ತಿ ಕೊಡಲು ಮುಂದಾದರು. ವ್ರತ ಅಡ್ಡಿಯಾದರೆ ಅದರಿಂದ ಬಿಡುಗಡೆ ಮಾಡುತ್ತೇನೆಂದರು. ಕ್ರಿಸ್ತನನ್ನು ಹಿಂಬಾಲಿಸುವುದರಿಂದ ಬಿಡುಗಡೆ ತನಗೆ ಬೇಡವೆಂದು ಕ್ಲಾರಾ ಉತ್ತರಿಸಿದರೆಂದು ಅವರ ಹಳೆಯ ಚರಿತ್ರೆ ಹೇಳುತ್ತದೆ. ಆಗ್ನೆಸ್ ಅವರಿಗೆ ಬರೆದ ಎರಡನೆಯ ಪತ್ರದಲ್ಲಿ, ಈ ದಾರಿಗೆ ಅಡ್ಡ ಬರುವ ಸಲಹೆ ಕೊಡುವವರನ್ನು ಗೌರವಿಸು, ಆದರೆ ಸಲಹೆಯನ್ನು ಸ್ವೀಕರಿಸಬೇಡ ಎಂಬ ಅರ್ಥದ ಮಾತಿದೆ. ಕ್ಲಾರಾ ಓಡಿಹೋಗಲಿಲ್ಲ, ಪಕ್ಷ ಕಟ್ಟಲಿಲ್ಲ, ತಾವು ನೆಲೆಸಿದ್ದ ಸಾನ್ ದಾಮಿಯಾನೊ ಬಿಟ್ಟು ಕದಲಲಿಲ್ಲ. ಆಸ್ತಿಯಿಲ್ಲದೆ ಬಾಳುವ ಹಕ್ಕನ್ನು ಒಳಗೊಂಡ ಅವರ ಸ್ವಂತ ನಿಯಮವನ್ನು ಪೋಪ್ ಅಂಗೀಕರಿಸಿದ್ದು 1253ರ ಆಗಸ್ಟ್ 9ರಂದು. ಅವರು ತೀರಿಕೊಂಡದ್ದು ಆಗಸ್ಟ್ 11ರಂದು. ಮೈಕೇಲರ ಪಲಾಯನಕ್ಕೂ ಜಾನ್ ಅವರ ಆಜ್ಞೆಗಳಿಗೂ ಸಿಗದ ಉತ್ತರ ಈ ಇಪ್ಪತ್ತೈದು ವರ್ಷಗಳ ತಾಳ್ಮೆಯಲ್ಲಿದೆ ಎಂದು ನನ್ನ ನಂಬಿಕೆ.

ಕೊನೆಯದಾಗಿ ಗೃಹಸ್ಥರ ಪ್ರಶ್ನೆ. ಮನೆ, ಮಕ್ಕಳು, ಸಾಲ ಇರುವವರಿಗೆ ಇದೆಲ್ಲ ಏನು? 1221ರಲ್ಲಿಯೇ ಅಂಥವರಿಗಾಗಿ ಒಂದು ಜೀವನಕ್ರಮ ಸಿದ್ಧವಾಗಿತ್ತು. ಮುಂದೆ ಫ್ರಾನ್ಸಿಸರ ಮೂರನೆಯ ಸಂಘವೆಂದು ಹೆಸರಾದ ಪ್ರಾಯಶ್ಚಿತ್ತದ ಸಹೋದರ ಸಹೋದರಿಯರದು ಅದು. ಅದರಲ್ಲಿ ಎಲ್ಲವನ್ನೂ ಮಾರಿಬಿಡಿ ಎಂಬ ಮಾತಿಲ್ಲ. ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸಬೇಕು, ಸೇರಿದ ಮೂರು ತಿಂಗಳೊಳಗೆ ಉಯಿಲು ಬರೆಯಬೇಕು, ರೋಗಿಗಳಿಗೂ ಬಡವರಿಗೂ ತಿಂಗಳಿಗೊಂದು ಸಣ್ಣ ನಾಣ್ಯ ಕೊಡಬೇಕು, ಕೊಲ್ಲುವ ಆಯುಧ ಹಿಡಿಯಬಾರದು. ಆಸ್ತಿಯನ್ನು ಸತ್ತ ಮೇಲೆ ಜಗಳದ ಮೂಲವಾಗದಂತೆ ಬದುಕಿರುವಾಗಲೇ ಕೈಯಿಂದ ಸಡಿಲಿಸುವುದು, ಒಡೆಯನ ಯುದ್ಧಕ್ಕೆ ತನ್ನ ಮೈಯನ್ನು ಕೊಡದಿರುವುದು: ಎರಡೂ ಒಂದೇ ಕಾಗದದ ಮೇಲಿವೆ. ಫಲ ಕೂಡಲೇ ಕಂಡಿತು. ಫಾಯೆಂಜ ಪಟ್ಟಣದ ಅಧಿಕಾರಿಗಳು ಈ ಗೃಹಸ್ಥರಿಂದ ಆಯುಧ ಹಿಡಿಯುವ ಪ್ರಮಾಣ ಮಾಡಿಸಲು ಒತ್ತಾಯಿಸಿದರು, ಅವರು ಒಪ್ಪಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರನ್ನು ರಕ್ಷಿಸುವಂತೆ ಪೋಪ್ ಹೊನೊರಿಯಸ್ ರಿಮಿನಿಯ ಧರ್ಮಾಧ್ಯಕ್ಷರಿಗೆ ಪತ್ರ ಬರೆದರು. ಊರಿನಲ್ಲಿಯೇ ಇದ್ದು, ತೆರಿಗೆ ಕೊಟ್ಟು, ಕಸುಬು ನಡೆಸುತ್ತಿದ್ದ ಸಾಮಾನ್ಯ ಜನ ಅವರು. ಯಾರಿಗೆ ಎಷ್ಟು ವಿಧೇಯರಾಗಬೇಕೆಂಬುದನ್ನು ಅವರು ತಮ್ಮ ಬದುಕಿನಲ್ಲಿ ನಿರ್ಧರಿಸಿಕೊಂಡಿದ್ದರು; ಪಟ್ಟಣದ ಅಧಿಕಾರ ಅದನ್ನು ಗಂಭೀರವಾಗಿ ಪರಿಗಣಿಸಲೇಬೇಕಾಯಿತು.